ಕುಡುಕರ ಪದ, ನಾಗೇಶಿ ಲೆಕ್ಕ

ಹೋದ ಚಳಿಗಾಲದಲ್ಲಿ ಊರಿಗೆ ಹೋಗಿದ್ದೆ. ಮುಧೋಳದಿಂದ ಜಮಖಂಡಿಗೆ ಬಸ್ಸು. ಕಬ್ಬಿನ ಸೀಜನ್ ಅಂದ್ರೆ ಗೊತ್ತಲ್ಲ, ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರುಗಳ ಸಾಲು. ನಮ್ಮ ಮುಂದಿದ್ದ ಟ್ರ್ಯಾಕ್ಟರಿನಲ್ಲಿ ತಿಜೋರಿಯಷ್ಟು ದೊಡ್ಡ ಸ್ಪೀಕರ್. ಹಾಡಿನ ತಾತ್ಪರ್ಯ ಇಷ್ಟೇ: ಹುಡುಗಿ ಕೈಕೊಟ್ಟಳು, ಅದಕ್ಕೇ ಕುಡೀತೀನಿ, ತಪ್ಪು ಅವಳದ್ದು. ಬಸ್ಸಿನಲ್ಲಿದ್ದ ಹುಡುಗರು ತಲೆದೂಗುತ್ತಿದ್ದರು. ನಾನೂ ಕಾಲಲ್ಲಿ ತಾಳ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ :)

ಆಮೇಲೆ ನೆನಪಾಯಿತು. ಇದೇ ಸೀಮೆಯಲ್ಲಿ ನಾನು ಸಣ್ಣವನಿದ್ದಾಗ ಕೇಳಿದ ಕುಡಿತದ ಪದ ಬೇರೆಯೇ ಇತ್ತು. ಅದರಲ್ಲಿ ತಪ್ಪು ಅವಳದ್ದಾಗಿರಲಿಲ್ಲ.

ಗೀಗೀ ಮೇಳ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮುಖ್ಯ ಹಾಡುಗಾರರ ಕೈಯಲ್ಲಿ ಡಪ್ಪು, ಹಿಂದೆ ಇಬ್ಬರು ಮೂವರು, ಅವರ ಹತ್ತಿರ ತುಂತುಣಿ ಮತ್ತು ತಾಳ. ಇದರ ಬೇರು ಲಾವಣಿಯಲ್ಲಿದೆ. ನುಡಿ ಮುಗಿದಾಗ ಹಿಮ್ಮೇಳದವರು ಗೀ ಗೀ ಅಂತ ಎತ್ತಿಕೊಳ್ಳುವುದರಿಂದ ಆ ಹೆಸರು. ಜಾತ್ರೆಯಲ್ಲಿ ಎರಡು ಮೇಳ ಎದುರಾಬದುರು ಕೂತರೆ ರಾತ್ರಿಯಿಡೀ ವಾದ. ಗಂಡು ಹೆಚ್ಚು ಅನ್ನುವುದು ಹರದೇಶಿ, ಹೆಣ್ಣು ಹೆಚ್ಚು ಅನ್ನುವುದು ನಾಗೇಶಿ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಅಂತ ಶುರುವಾದದ್ದು ಬೆಳಗಿನ ಜಾವಕ್ಕೆ ಮನೆಯ ಒಲೆಯ ತನಕ ಬಂದಿರುತ್ತದೆ.

ನಮ್ಮ ಸೀಮೆಯ ರಾಜಕೀಯ ಆಗ ಹರಿದ ಕೌದಿಯ ಹಾಗಿತ್ತು. ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರದ್ದು. ಆದರೆ ಪದಕ್ಕೆ ನಾಕಾ ಇರಲಿಲ್ಲ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಅಂತ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಿರುಗಿಬಿದ್ದರು. ಆ ಸುದ್ದಿ ಲಾವಣಿಯಾಗಿ ಊರೂರು ಸುತ್ತಿತು. ಮುಂದೆ ಫ್ಲೀಟ್ ಸಾಹೇಬ ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದ. ಸರ್ಕಾರದ ಬಗ್ಗೆ ಬಾಯಿಬಿಟ್ಟು ಹಾಡುವುದು ನಮ್ಮವರಿಗೆ ಹೊಸದಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ಗಾಂಧಿ ಕಾಲದಲ್ಲಿ ಚರಕ, ಖಾದಿಯ ಜೊತೆಗೆ ಕುಡಿತ ಬಿಡುವ ಮಾತೂ ಗೀಗೀ ಪದಕ್ಕೆ ಬಂತು. 1930ರ ಚಳವಳಿಯಲ್ಲಿ ಕರ್ನಾಟಕದ ಹಲವು ಕಡೆ ಈಚಲ ಮರಗಳನ್ನೇ ಕಡಿದು ಹಾಕಿದ್ದರು. ಹೆಂಡದಂಗಡಿ ಅಂದರೆ ಸರ್ಕಾರದ ಬೊಕ್ಕಸ, ಆದ್ದರಿಂದ ಕುಡುಕನನ್ನು ಬೈದರೆ ಸರ್ಕಾರಕ್ಕೂ ಒಂದೇಟು ಬೀಳುತ್ತಿತ್ತು.

ಇನ್ನು ಕಾನೂನಿನ ಕಥೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. 1949ರ ಕಾಯ್ದೆಯಂತೆ 1950ರ ಏಪ್ರಿಲ್‌ನಿಂದ ಪೂರ್ಣ ಪಾನನಿಷೇಧ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1967ರಲ್ಲಿ ನಿಷೇಧ ಹೋಯಿತು, ಅಂಗಡಿಗಳ ಹರಾಜು ಬಂತು, ಸಾರಾಯಿ ಪ್ಯಾಕೆಟ್ ಬಂತು. 2007ರ ಜುಲೈ 1ರಿಂದ ಸಾರಾಯಿ ಬಂದ್, ಬ್ರಾಂದಿ ವಿಸ್ಕಿ ಚಾಲೂ. ಇಷ್ಟು ಸಲ ಮನಸ್ಸು ಬದಲಿಸಿದ್ದು ಸರ್ಕಾರ. ಪದ ಮಾತ್ರ ಒಂದೇ ಮಾತು ಹೇಳುತ್ತಾ ಬಂತು.

ನಾನು ಕೇಳಿದ್ದು ಎಂಬತ್ತರ ದಶಕದಲ್ಲಿ, ಬನಹಟ್ಟಿ ಕಡೆಯ ಒಂದು ಜಾತ್ರೆಯಲ್ಲಿ. ನೇಕಾರರ ಊರುಗಳು, ವಾರಕ್ಕೊಮ್ಮೆ ಬಟವಡಿ. ಹರದೇಶಿಯವನು ದುಡಿದು ತರುವವನು ಗಂಡಸು, ಅವನಿಲ್ಲದೆ ಮನೆ ಎಲ್ಲಿದೆ ಅಂತ ಜೋರಾಗಿ ಹಾಡಿ ಕೂತ. ನಾಗೇಶಿಯ ಹೆಂಗಸು ಎದ್ದಳು. ಮೊದಲು ಕುಡುಕನ ಹಾಗೆ ನಾಲ್ಕು ಹೆಜ್ಜೆ ತೂರಾಡಿ ತೋರಿಸಿದಳು. ಎಲ್ಲರೂ ನಕ್ಕರು. ಆಮೇಲೆ ಡಪ್ಪಿನ ಪೆಟ್ಟಿಗೊಂದರಂತೆ ಬಟವಡಿಯ ಲೆಕ್ಕ ತೆಗೆದಳು. ದುಡಿದದ್ದು ಎಷ್ಟು, ಅಂಗಡಿಯಲ್ಲಿ ಬಿಟ್ಟದ್ದು ಎಷ್ಟು, ಸಾಲದ ಬಡ್ಡಿ ಎಷ್ಟು, ಒತ್ತೆ ಇಟ್ಟ ಕಾಲ್ಗಡಗ ಯಾರದು, ಮಗುವಿನ ಹಾಲಿಗೆ ಉಳಿದದ್ದು ಎಷ್ಟು. ನಗು ನಿಂತಿತು. ಹರದೇಶಿಯವನು ಅದಕ್ಕೆ ಜವಾಬು ಕೊಡದೆ ರಾಮಾಯಣಕ್ಕೆ ಜಿಗಿದ! ಮುಂದಿನ ಸಾಲಿನಲ್ಲಿದ್ದ ಒಬ್ಬ, ಅವನೂ ಕುಡಿದೇ ಬಂದವನು, ಎದ್ದು ಹೋಗಿ ಅವಳಿಗೆ ಎರಡು ರೂಪಾಯಿ ಆಯೇರ ಮಾಡಿದ.

ಆಮೇಲೆ ಎಷ್ಟೋ ದಿನ ನಮ್ಮ ಓಣಿಯಲ್ಲಿ ಹೆಂಡತಿ ಬಟವಡಿ ರೊಕ್ಕ ಕೇಳಿದರೆ ಗಂಡಂದಿರು "ನಾಗೇಶಿ ಹಚ್ಚಬ್ಯಾಡ ನೀ" ಅನ್ನುತ್ತಿದ್ದರು.

ಮೇಳದವರೇನು ಸಾಚಾಗಳಾಗಿರಲಿಲ್ಲ. ನಮ್ಮ ಸೋದರಮಾವ ಒಂದು ಮೇಳದಲ್ಲಿ ತುಂತುಣಿ ನುಡಿಸುತ್ತಿದ್ದ. ಕುಡಿತದ ಪದಕ್ಕೆ ಗೀ ಗೀ ಎತ್ತಿ, ಪದ ಮುಗಿದ ಮೇಲೆ ಗುಡಿಯ ಹಿಂದಕ್ಕೆ ಹೋಗುತ್ತಿದ್ದ. "ಮಾವಾ, ಹಾಡಾವ್ರೇ ಕುಡದ್ರ ಹೆಂಗ?" ಅಂದೆ ಒಮ್ಮೆ. "ಅಕಿ ಹಾಡಿದ್ದು ನನ್ನ ಲೆಕ್ಕಾನ ತಮ್ಮಾ" ಅಂದ. ಐವತ್ತು ದಾಟಲಿಲ್ಲ ಅವನು.

ಕನ್ನಡದಲ್ಲಿ ಕುಡಿತದ ಹಾಡು ಅಂದರೆ ಎಲ್ಲರಿಗೂ ನೆನಪಾಗುವುದು ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ. ನನಗೂ ಇಷ್ಟ, ಮೈಸೂರು ಅನಂತಸ್ವಾಮಿ ದನಿಯಲ್ಲಂತೂ ಇನ್ನೂ ಇಷ್ಟ. ಆದರೆ ಅಲ್ಲಿ ಮಾತಾಡುವವನು ರತ್ನ, ಪುಟ್ನಂಜಿ ಅವನ ಮಾತಿನೊಳಗೆ ಇರುವವಳು. ನಮ್ಮ ಜಾತ್ರೆಯಲ್ಲಿ ಮಾತಾಡಿದವಳು ಪುಟ್ನಂಜಿ.

ನಾಗೇಶಿ ಹಾಡುತ್ತಿದ್ದ ಹೆಂಗಸರಲ್ಲಿ ಎಷ್ಟೋ ಜನ ದೇವದಾಸಿಯರು. ರಾತ್ರಿಯಿಡೀ ಕುಡಿದ ಗಂಡಸರ ಮುಂದೆ ನಿಂತು ಕುಡಿತವನ್ನೇ ಹಳಿಯುವುದಕ್ಕೆ ಎಷ್ಟು ಗುಂಡಿಗೆ ಬೇಕು, ನೀವೇ ಹೇಳಿ. ಹಾಡಿಕೆ ಬಯಲಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಮೊಬೈಲಿಗೆ, ಮೊಬೈಲಿನಿಂದ ಟ್ರ್ಯಾಕ್ಟರಿಗೆ ಬಂತು. ಡಪ್ಪಿನ ಬದಲು ಡಿಜೆ ಬಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಟ್ರ್ಯಾಕ್ಟರಿಗೆ ಎದುರು ಮೇಳ ಇಲ್ಲ. ಅವನು ಹಾಡಿ ಕೂತ ಮೇಲೆ ಎದ್ದು ನಿಲ್ಲುವವಳು ಇಲ್ಲ.

ಊರಲ್ಲಿ ಅವ್ವನನ್ನು ಕೇಳಿದೆ, ಆ ಪದ ನೆನಪೈತೇನು ಅಂತ. ಧಾಟಿ ಮರೆತಿದ್ದಳು. ಹಾಡಿದವಳ ಹೆಸರೂ ಮರೆತಿದ್ದಳು. ಬೆರಳು ಮಡಚಿ ಲೆಕ್ಕ ಮಾತ್ರ ಪೂರ್ತಿ ಹೇಳಿದಳು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಪದ ನೆನಪಿದ್ದರೆ ಬರೆದಿಟ್ಟುಕೊಳ್ಳಿ. ಹಾಡಿದವಳ ಹೆಸರು ಗೊತ್ತಿದ್ದರೆ ಅದನ್ನು ಮೊದಲು ಬರೆಯಿರಿ.