ಜಿಂಕೆ ಕೊಲ್ಲಲು ಕಟ್ಟಿದ ಮನೆಗಳು

ನ್ಯೂಜಿಲೆಂಡಿನ ಚಾರಣದ ಫೋಟೋ ತೋರಿಸಿದಾಗಲೆಲ್ಲ ಗೆಳೆಯರು ಮೊದಲು ಕೇಳೋದು ಹಿಮದ ಬೆಟ್ಟದ ಬಗ್ಗೆ ಅಲ್ಲ. "ಅಲ್ಲಾ ಮಾರಾಯ, ಆ ಕಾಡಿನ ಮಧ್ಯೆ ಕಿತ್ತಳೆ ಬಣ್ಣದ ಪುಟ್ಟ ಮನೆ ಇದ್ಯಲ್ಲ, ಯಾರದ್ದು ಅದು? ಬೀಗ ಇಲ್ವಾ?" ಅಂತ ಕೇಳ್ತಾರೆ.

ಬೀಗ ಇಲ್ಲ. ಅದು ಸರ್ಕಾರದ್ದು, ಅಂದರೆ ಎಲ್ಲರದ್ದು. ಅಲ್ಲಿನವರು ಅದನ್ನು 'ಹಟ್' ಅಂತಾರೆ. ಹಟ್ ಅಂದ ಕೂಡಲೇ ನಮ್ಮ ಹುಲ್ಲಿನ ಗುಡಿಸಲು ನೆನಪಿಸಿಕೊಳ್ಳಬೇಡಿ. ಮರದ ಚೌಕಟ್ಟು, ಮೇಲೆ ತಗಡು, ಒಳಗೆ ನಾಲ್ಕೋ ಆರೋ ಮಂಚ, ಒಂದು ಒಲೆ, ಹೊರಗೆ ಮಳೆನೀರಿನ ಟ್ಯಾಂಕು, ಇಪ್ಪತ್ತು ಹೆಜ್ಜೆ ಆಚೆ ಗುಂಡಿ ಕಕ್ಕಸು. ಇಷ್ಟೇ. ಇಂಥವು ಆ ದೇಶದ ಸಂರಕ್ಷಣಾ ಇಲಾಖೆಯ ಕೈಯಲ್ಲಿ 900ಕ್ಕೂ ಹೆಚ್ಚು ಇವೆ. ಸ್ವಲ್ಪ ಸೌಕರ್ಯ ಇರುವುದಕ್ಕೆ ದುಡ್ಡು ಕೊಡಬೇಕು, ತೀರಾ ಸರಳವಾದವು ಪುಕ್ಕಟೆ. ಕೆಲಸದ ಮೇಲೆ ಕ್ರೈಸ್ಟ್‌ಚರ್ಚಿನಲ್ಲಿದ್ದ ಒಂದೂವರೆ ವರ್ಷದಲ್ಲಿ ಇಂಥ ಏಳೆಂಟು ಮನೆಗಳಲ್ಲಿ ಮಲಗಿದ್ದೇನೆ. ಇವುಗಳ ಕಥೆ ಚಾರಣಕ್ಕಿಂತ ಸ್ವಾರಸ್ಯವಾಗಿದೆ ಅನ್ನಿಸಿದ್ದರಿಂದ ಈ ಬರಹ.

ಇವುಗಳಲ್ಲಿ ಬಹುಪಾಲನ್ನು ಕಟ್ಟಿದ್ದು ಚಾರಣಿಗರಿಗಾಗಿ ಅಲ್ಲವೇ ಅಲ್ಲ, ಜಿಂಕೆ ಕೊಲ್ಲುವವರಿಗಾಗಿ.

ನ್ಯೂಜಿಲೆಂಡಿನಲ್ಲಿ ಜಿಂಕೆ ಇರಲೇ ಇಲ್ಲ. ಬ್ರಿಟಿಷರು 1851ರಿಂದ ಹಡಗಿನಲ್ಲಿ ಕೆಂಪು ಜಿಂಕೆಗಳನ್ನು ತಂದು ಬಿಟ್ಟರು. ಊರು ಬಿಟ್ಟು ಬಂದ ಸಾಹೇಬರಿಗೆ ಬೇಟೆಯ ಶೋಕಿ ಬೇಕಿತ್ತು ನೋಡಿ. (ಜಿಂಕೆ ಅಂದರೆ ನಮ್ಮ ಚುಕ್ಕಿ ಜಿಂಕೆಯಲ್ಲ, ಹೆಚ್ಚುಕಡಿಮೆ ಕಡವೆಯ ಗಾತ್ರದ ಪ್ರಾಣಿ.) ಹುಲಿ ಇಲ್ಲ, ಚಿರತೆ ಇಲ್ಲ, ಸೀಳುನಾಯಿ ಇಲ್ಲ. ಮೇಲಿಂದ ಕಾನೂನಿನ ರಕ್ಷಣೆ ಬೇರೆ. ಎಂಬತ್ತು ವರ್ಷದಲ್ಲಿ ಕಾಡಿನ ಬುಡದ ಗಿಡಗಳನ್ನೆಲ್ಲ ತಿಂದು ಬೋಳು ಮಾಡಿದವು. 1930ರಲ್ಲಿ ಸರ್ಕಾರ ರಕ್ಷಣೆ ಕಿತ್ತುಹಾಕಿ, ಸಂಬಳ ಕೊಟ್ಟು ಬೇಟೆಗಾರರನ್ನು ಕಾಡಿಗೆ ಕಳಿಸಿತು. ಗುಡ್ಡದ ಗಿಡ ಹೋದರೆ ಮಣ್ಣು ಕೊಚ್ಚಿಹೋಗುತ್ತದೆ, ಕೆಳಗಿನ ಹೊಲಗಳಿಗೆ ನೆರೆ ಬರುತ್ತದೆ ಅನ್ನುವುದು ಆಗಿನ ದೊಡ್ಡ ಭಯ. ಮಜಾ ಏನು ಗೊತ್ತಾ? ಆ ಬೆಟ್ಟಗಳು ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವೇ ಕುಸಿಯುತ್ತಿವೆ, ಭೂಮಿ ಅವನ್ನು ಮೇಲಕ್ಕೆತ್ತುತ್ತಲೇ ಇದೆ, ಮಳೆ ಕೊಚ್ಚುತ್ತಲೇ ಇದೆ ಅಂತ ದಶಕಗಳ ನಂತರ ವಿಜ್ಞಾನಿಗಳು ಹೇಳಿದರು. ಅಂದರೆ ಕಾಡಿನ ವಿಷಯದಲ್ಲಿ ಭಯ ನಿಜ, ನೆರೆಯ ವಿಷಯದಲ್ಲಿ ಅರ್ಧ ಸುಳ್ಳು. ಆ ಅರ್ಧ ಸುಳ್ಳಿನಿಂದಲೇ ಈ ಮನೆಗಳಿಗೆ ದುಡ್ಡು ಬಂತು!

1956ರಲ್ಲಿ ಜಿಂಕೆ ಕೊಲ್ಲುವ ಕೆಲಸ ಅರಣ್ಯ ಇಲಾಖೆಗೆ ಬಂತು. ಅಲ್ಲಿಂದ ಮುಂದಿನ ಹದಿನೈದಿಪ್ಪತ್ತು ವರ್ಷ ಕಟ್ಟಿದ್ದೇ ಕಟ್ಟಿದ್ದು. ಬೇಟೆಗಾರರು ತಿಂಗಳುಗಟ್ಟಲೆ ಕಾಡಿನಲ್ಲೇ ಇರಬೇಕಿತ್ತು. ಟೆಂಟಿನಲ್ಲಿ ಒದ್ದೆಯಾಗಿ ಮಲಗಿದವನು ಎಷ್ಟು ಜಿಂಕೆ ಹೊಡೆದಾನು? ಹಾಗಾಗಿ ನಿಗದಿತ ನಕ್ಷೆಗಳು ತಯಾರಾದವು. ಎಸ್-81 ಅಂದರೆ ನಾಲ್ಕು ಮಂಚದ್ದು, ಎಸ್-86 ಅಂದರೆ ಆರು ಮಂಚದ್ದು. ಇಬ್ಬರು ಮಾತ್ರ ಹಿಡಿಸುವ, ನಿಂತರೆ ತಲೆ ತಾಗುವ 'ಬಿವ್' ಅಂತ ಇನ್ನೂ ಚಿಕ್ಕದೊಂದು. ಸಾಮಾನನ್ನು ಮೊದಮೊದಲು ವಿಮಾನದಿಂದ ಕೆಳಕ್ಕೆ ಎಸೆಯುತ್ತಿದ್ದರು, ಆಮೇಲೆ ಹೆಲಿಕಾಪ್ಟರ್ ಬಂತು. ಬೇಟೆಗಾರರ ಆ ಬದುಕನ್ನು ಬ್ಯಾರಿ ಕ್ರಂಪ್ ಎಂಬಾತ 1960ರಲ್ಲಿ 'ಎ ಗುಡ್ ಕೀನ್ ಮ್ಯಾನ್' ಎಂಬ ಪುಸ್ತಕ ಮಾಡಿದ. ಅಲ್ಲಿ ಅದು ಮನೆಮಾತು.

ಹಟ್‌ಗಳನ್ನು ಕಟ್ಟಲು ನೆರವಾದ ಆ ಹೆಲಿಕಾಪ್ಟರೇ ಅವುಗಳ ಉದ್ದೇಶವನ್ನೂ ಮುಗಿಸಿತು. 1960ರ ದಶಕದ ಮಧ್ಯದಿಂದ ಜನ ಹೆಲಿಕಾಪ್ಟರಿನಿಂದಲೇ ಜಿಂಕೆ ಹೊಡೆದು, ಮಾಂಸವನ್ನು ಯುರೋಪಿಗೆ ಮಾರಿ ದುಡ್ಡು ಮಾಡತೊಡಗಿದರು. ನಡೆದು ಹೋಗಿ ಕೊಲ್ಲುವ ಸಂಬಳದವನು ಯಾರಿಗೆ ಬೇಕು? ಕಾಡಿನ ತುಂಬ ಮನೆಗಳು ಉಳಿದವು, ಒಳಗಿದ್ದವರು ಹೋದರು. ಖಾಲಿ ಮಂಚಗಳಿಗೆ ಚಾರಣಿಗರು ಬಂದರು.

1987ರಲ್ಲಿ ಅರಣ್ಯ ಇಲಾಖೆ ಮುಚ್ಚಿತು. ಹೊಸದಾಗಿ ಹುಟ್ಟಿದ ಸಂರಕ್ಷಣಾ ಇಲಾಖೆಗೆ (ಅಲ್ಲಿನವರ ಬಾಯಲ್ಲಿ ಬರೀ 'ಡಾಕ್') ಈ ಮನೆಗಳೆಲ್ಲ ಬಂದವು. ನಮ್ಮ ಕ್ಷೇತ್ರದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಯಾರೋ ಬರೆದ, ಯಾವುದೋ ಕೆಲಸಕ್ಕೆ ಬರೆದ ಸಾವಿರಾರು ಸಾಲು ಕೋಡು, ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ, ಬಳಸುವವರು ಮಾತ್ರ ಇದ್ದಾರೆ. ಮೇಂಟೆನೆನ್ಸ್ ನಿಮ್ಮ ತಲೆಗೆ :)

ಆಮೇಲೆ 1995 ಬಂತು. ಏಪ್ರಿಲ್ 28ರಂದು ಪಪರೋವಾ ರಾಷ್ಟ್ರೀಯ ಉದ್ಯಾನದ ಕೇವ್ ಕ್ರೀಕ್ ಎಂಬಲ್ಲಿ ಡಾಕ್ ಕಟ್ಟಿದ್ದ ಒಂದು ವೀಕ್ಷಣಾ ಅಟ್ಟಣೆ ಮುರಿದು, ಸುಮಾರು 30 ಮೀಟರ್ ಆಳದ ಕಮರಿಗೆ ಬಿತ್ತು. ಅದರ ಮೇಲಿದ್ದದ್ದು ಒಂದು ಪಾಲಿಟೆಕ್ನಿಕ್ಕಿನ ಮಕ್ಕಳು. ಅವರಲ್ಲಿ 13 ಮಂದಿ ಸತ್ತರು, ಇಲಾಖೆಯ ಒಬ್ಬ ಅಧಿಕಾರಿಯೂ ಸತ್ತರು. ಅಟ್ಟಣೆ ಕಟ್ಟಿ ಹೆಚ್ಚು ಕಾಲವೂ ಆಗಿರಲಿಲ್ಲ. ಬೋಲ್ಟು ಹಾಕಬೇಕಾದಲ್ಲಿ ಮೊಳೆ ಹೊಡೆದಿದ್ದರು. ಕಟ್ಟುವಾಗ ಒಬ್ಬ ಅರ್ಹ ಎಂಜಿನಿಯರೂ ನೋಡಿರಲಿಲ್ಲ, ಕಟ್ಟಡದ ಪರವಾನಗಿಯೂ ಇರಲಿಲ್ಲ. ತನಿಖಾ ಆಯೋಗ ಒಬ್ಬ ವ್ಯಕ್ತಿಯತ್ತ ಬೆರಳು ತೋರಿಸಲಿಲ್ಲ, ದುಡ್ಡಿಲ್ಲದೆ, ಜನರಿಲ್ಲದೆ ಸೊರಗಿದ್ದ ವ್ಯವಸ್ಥೆಯೇ ಸೋತಿದೆ ಅಂದಿತು. 1996ರಲ್ಲಿ ಆ ಖಾತೆಯ ಮಂತ್ರಿ ರಾಜೀನಾಮೆ ಕೊಟ್ಟರು.

ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಇದನ್ನು ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಇಲಾಖೆ ಆಮೇಲೆ ಮಾಡಿದ್ದನ್ನು ನಾನು ತಪ್ಪು ಅನ್ನಲಾರೆ. ಸೇತುವೆ, ಅಟ್ಟಣೆ, ಹಟ್, ಎಲ್ಲವನ್ನೂ ಪಟ್ಟಿ ಮಾಡಿದರು, ಒಂದೊಂದಕ್ಕೂ ತಪಾಸಣೆಯ ಕ್ರಮ ಬಂತು. ಆದರೆ ಪಟ್ಟಿಯೊಂದು ತಯಾರಾದ ಮೇಲೆ ಅದಕ್ಕೊಂದು ಖರ್ಚಿನ ಕಾಲಮ್ಮು ಬರಲೇಬೇಕಲ್ಲ? ಎಲ್ಲವನ್ನೂ ಉಳಿಸಲು ದುಡ್ಡು ಸಾಲದು ಅಂತ ಗೊತ್ತಾಯಿತು. 2003-04ರಲ್ಲಿ ಇಲಾಖೆ ಜನರ ಮುಂದೆ ತನ್ನ ಯೋಜನೆ ಇಟ್ಟಿತು. ಕೆಲವನ್ನು ಚೆನ್ನಾಗಿ ನೋಡಿಕೊಳ್ಳೋದು, ಕೆಲವಕ್ಕೆ ಕನಿಷ್ಠ ತಪಾಸಣೆ ಮಾತ್ರ, ಇನ್ನು ಕೆಲವನ್ನು ತೆಗೆದುಹಾಕೋದು. ಎರಡನೇ ಗುಂಪಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಅದಾಗಿಯೇ ಬೀಳುವವರೆಗೆ ಬಿಡುವುದು.

ಬಿರುಗಾಳಿ, ಹಿಮ ಇವೂ ಮನೆಗಳನ್ನು ತಿಂದಿವೆ. 1977ರಲ್ಲಿ ಬ್ಯಾರನ್ ಸ್ಯಾಡಲ್‌ನಲ್ಲಿದ್ದ ಥ್ರೀ ಜಾನ್ಸ್ ಹಟ್, ಒಳಗಿದ್ದ ನಾಲ್ವರ ಸಮೇತ ಗಾಳಿಗೆ ಹಾರಿಹೋಯಿತು. 1910ರಲ್ಲಿ ಕಟ್ಟಿದ ಹುಕರ್ ಹಟ್ ಪಕ್ಕದ ಹಿಮನದಿ ಕುಗ್ಗುತ್ತಾ, ದಂಡೆ ಕುಸಿಯುತ್ತಾ ಬಂದು ಮತ್ತೆ ಮತ್ತೆ ಜಾಗ ಬದಲಿಸಿದೆ, 2015ರಲ್ಲಿ ಅದನ್ನು ಪೂರ್ತಿ ಎತ್ತಿಬಿಟ್ಟು ಆಮೇಲೆ ಬೇರೆ ಕಡೆ ನಿಲ್ಲಿಸಿದರು. ಆದರೆ ನನ್ನ ಪ್ರಕಾರ ಹಟ್ ಸಾಯುವ ಮಾಮೂಲು ರೀತಿ ಬೇರೆ. ಅಲ್ಲಿ ಮೊದಲು ಸಾಯೋದು ದಾರಿ.

ಪಶ್ಚಿಮ ಕರಾವಳಿಯ ಕಾಡು ನಮ್ಮ ಆಗುಂಬೆಯ ಮಳೆಗಾಲ ವರ್ಷಪೂರ್ತಿ ಇದ್ದ ಹಾಗೆ. ನಾಲ್ಕೈದು ವರ್ಷ ಕತ್ತಿ ಆಡಿಸದಿದ್ದರೆ ಕಾಲುದಾರಿ ಮುಚ್ಚಿಹೋಗುತ್ತದೆ. ಎರಡು ಗಂಟೆಯ ದಾರಿ ಒಂದು ದಿನದ್ದಾಗುತ್ತದೆ. ಜನ ಕಡಿಮೆಯಾಗುತ್ತಾರೆ. ಪ್ರತಿ ಹಟ್‌ನಲ್ಲೂ ಒಂದು ಪುಸ್ತಕ ಇರುತ್ತೆ, ಬಂದವರು ಹೆಸರು, ತಾರೀಕು, ಮುಂದೆ ಎಲ್ಲಿಗೆ ಅಂತ ಬರೆಯಬೇಕು. (ಯಾರಾದರೂ ಕಳೆದುಹೋದರೆ ಹುಡುಕುವವರು ಮೊದಲು ನೋಡೋದು ಇದನ್ನೇ.) ಹೊಕಿಟಿಕಾ ಊರಿನ ಹಿಂದಿನ ಒಂದು ಕಣಿವೆಯ ಹಟ್‌ನಲ್ಲಿ ಇಡೀ ಸಂಜೆ ಈ ಪುಸ್ತಕ ಓದುತ್ತಾ ಕೂತಿದ್ದೆ. ಒಂದು ಕಡೆ ಎರಡು ಹೆಸರುಗಳ ನಡುವೆ ಹದಿನಾಲ್ಕು ತಿಂಗಳ ಅಂತರ! ಕಚೇರಿಯಲ್ಲಿ ಕೂತು ಈ ಪುಸ್ತಕ ನೋಡುವವನಿಗೆ ಏನನ್ನಿಸಬೇಕು? ಯಾರೂ ಬರಲ್ಲ, ತೆಗೆದುಬಿಡೋಣ ಅಂತ ತಾನೇ? ಸಾಫ್ಟ್‌ವೇರಿನಲ್ಲಿ ನಾವೂ ಇದನ್ನೇ ಮಾಡ್ತೀವಿ. ಒಂದು ಸೌಲಭ್ಯವನ್ನು ಮೆನುವಿನ ಮೂಲೆಯಲ್ಲಿ ಬಚ್ಚಿಟ್ಟು, ವರ್ಷ ಕಳೆದ ಮೇಲೆ ಲಾಗ್ ನೋಡಿ, "ಯಾರೂ ಬಳಸ್ತಿಲ್ಲ ಸಾರ್, ಕಿತ್ತಾಕೋಣ" ಅಂತೀವಿ.

ಈ ಸುಳಿಯನ್ನು ಮೊದಲು ಗುರುತಿಸಿದವರಲ್ಲಿ ವೆಸ್ಟ್‌ಲ್ಯಾಂಡಿನ ಒಂದು ಗುಂಪೂ ಇತ್ತು. 2003ರಲ್ಲಿ ಹುಟ್ಟಿದ ಅದರ ಹೆಸರು 'ಪರ್ಮೊಲ್ಯಾಟ್'. ಕಿಟಕಿಯ ಪರದೆಗೆ ಬಳಸುವ ಅಲ್ಯೂಮಿನಿಯಂ ಪಟ್ಟಿಯ ಹೆಸರದು. ಅರಣ್ಯ ಇಲಾಖೆಯವರು ಆ ಪಟ್ಟಿಯನ್ನು ತುಂಡು ಮಾಡಿ, ದಾರಿ ಗುರುತಿಗೆ ಮರಕ್ಕೆ ಹೊಡೆಯುತ್ತಿದ್ದರು. ಹಟ್ ಉಳಿಸುವವರು ತಮಗೆ ದಾರಿ ಗುರುತಿನ ಹೆಸರಿಟ್ಟುಕೊಂಡದ್ದು ನನಗೆ ಬಹಳ ಇಷ್ಟವಾಯಿತು. ಅವರು ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು, ರಜಾದಿನಗಳಲ್ಲಿ ಗರಗಸ, ಬಣ್ಣ, ತಗಡಿನ ಸ್ಕ್ರೂಗಳನ್ನು ಬೆನ್ನ ಮೇಲೆ ಹೊತ್ತು ಹೋದರು. ಕೆಲಸ ಏನು ದೊಡ್ಡದಲ್ಲ, ಆದರೆ ಮುಗಿಯೋದೂ ಇಲ್ಲ. ತುಕ್ಕು ಹಿಡಿದ ಮೊಳೆ ಕಿತ್ತು ಸ್ಕ್ರೂ ಹಾಕಬೇಕು. ನೆಲದಡಿಯ ಮರದ ಕಂಬ ಕೊಳೆತಿದ್ದರೆ ಜಾಕ್ ಕೊಟ್ಟು ಮನೆಯನ್ನೇ ಎತ್ತಿ ಬದಲಿಸಬೇಕು. ಹೊಗೆಕೊಳವೆಯ ಸುತ್ತ ನೀರು ಇಳಿಯದಂತೆ ನೋಡಬೇಕು. ಗೋಡೆಗೆ ಬಿಸಿಲು ಬೀಳಲು ಸುತ್ತಲಿನ ಗಿಡ ಕಡಿಯಬೇಕು, ಇಲ್ಲವಾದರೆ ಪಾಚಿ ಕಟ್ಟುತ್ತದೆ. ಇಷ್ಟು ಮಾಡಿದರೆ 1960ರ ದಶಕದ ಮರ ಇನ್ನೂ ಗಟ್ಟಿ ಇರುತ್ತದೆ. ಹೀಗೆ ತೆಗೆಯುವ ಪಟ್ಟಿಯಲ್ಲಿದ್ದ ಎಷ್ಟೋ ಮನೆಗಳು ಇವತ್ತೂ ನಿಂತಿವೆ.

ಕಾನೂನೂ ಸ್ವಲ್ಪ ಬಗ್ಗಿತು. ಕಟ್ಟಡದ ನಿಯಮಗಳು ಊರಿನ ಕಟ್ಟಡಕ್ಕೂ ಕಾಡಿನ ಹಟ್‌ಗೂ ಒಂದೇ ಆಗಿದ್ದವು. ಎರಡು ಹೊಳೆ ದಾಟಿ, ಬೇರು ಹಿಡಿದು ಹತ್ತಿ ಹೋಗುವ ಜಾಗದಲ್ಲಿ ಗಾಲಿಕುರ್ಚಿ ಏರುವ ಇಳಿಜಾರು ಯಾಕೆ ಅಂತ ಜನ ಕೇಳಿದರು. 2008ರಲ್ಲಿ ನಿಯಮ ತಿದ್ದಿ ಕಾಡಿನ ಹಟ್‌ಗಳನ್ನು ಬೇರೆಯೇ ವರ್ಗ ಮಾಡಿದರು. 2014ರಲ್ಲಿ ಚಾರಣಿಗರ ಒಕ್ಕೂಟ, ಬೇಟೆಗಾರರ ಸಂಘ, ಸೈಕಲ್ ದಾರಿಯವರು ಮೂವರೂ ಸೇರಿ ಒಂದಾದರು. ಒಬ್ಬರನ್ನು ಕಂಡರೆ ಒಬ್ಬರಿಗೆ ಅಷ್ಟಕ್ಕಷ್ಟೇ ಅಂತ ಕೇಳಿದ್ದೇನೆ, ಆದರೂ ಒಂದಾದರು. ಅದು 2017ರಲ್ಲಿ 'ಬ್ಯಾಕ್‌ಕಂಟ್ರಿ ಟ್ರಸ್ಟ್' ಆಯಿತು. ಇಲಾಖೆ ಟ್ರಸ್ಟಿಗೆ ದುಡ್ಡು ಕೊಡುತ್ತದೆ, ಟ್ರಸ್ಟು ಅದನ್ನು ಸ್ವಯಂಸೇವಕರಿಗೆ ಸಾಮಾನು, ಹೆಲಿಕಾಪ್ಟರಿನ ಖರ್ಚಿಗೆ ಹಂಚುತ್ತದೆ. ಕೂಲಿ ಇಲ್ಲವಾದ್ದರಿಂದ ಅದೇ ದುಡ್ಡು ದೂರ ಬರುತ್ತದೆ.

ಇದರಲ್ಲಿ ನನ್ನನ್ನು ಕಾಡುವ ಒಂದು ತೊಡಕೂ ಇದೆ. ಪುಕ್ಕಟೆ ದುಡಿಯುವವರು ಸಿಕ್ಕರೆ ಸರ್ಕಾರಕ್ಕೆ ಕೈ ತೊಳೆದುಕೊಳ್ಳುವುದು ಸುಲಭ. ಈ ಸ್ವಯಂಸೇವಕರಲ್ಲಿ ನಾನು ಕಂಡವರು ಹೆಚ್ಚಿನವರು ಅರವತ್ತು ದಾಟಿದವರು. ಆರು ಮಂಚದ ಮನೆಗೆ ವರ್ಷಕ್ಕೆ ಹತ್ತು ಜನ ಬಂದರೂ ಅದನ್ನು ಉಳಿಸಬೇಕಾ ಅಂದರೆ ನನ್ನ ಉತ್ತರ ಹೌದು. ಆದರೆ ಅದೇ ಇಲಾಖೆ ಹಕ್ಕಿಗಳನ್ನೂ ಉಳಿಸಬೇಕು, ದುಡ್ಡು ಒಂದೇ ಜೇಬಿನದು. ನನ್ನ 'ಹೌದು' ಸ್ವಲ್ಪ ಅಗ್ಗದ್ದೇ, ತೆರಿಗೆ ಅವರದ್ದು.

ನೀವು ಯಾರಾದರೂ ಆ ಕಡೆ ಹೋಗುವವರಿದ್ದರೆ, ಹಟ್‌ನಲ್ಲಿ ಮಲಗದೆ ಬರೀ ಚಹಾ ಕುಡಿದು ಹೊರಟರೂ ಆ ಪುಸ್ತಕದಲ್ಲಿ ಹೆಸರು ಬರೆಯಿರಿ. ನಾನು ಕನ್ನಡದಲ್ಲೂ ಬರೆದು ಬಂದಿದ್ದೇನೆ. ಸುಟ್ಟಷ್ಟು ಸೌದೆಯನ್ನು ಮತ್ತೆ ಒಳಗೆ ತಂದಿಡಿ, ಮುಂದಿನವನು ನೆಂದುಕೊಂಡು ಬರುತ್ತಾನೆ. ಮತ್ತೆ ಒಳಗೆ ಹೋದ ತಕ್ಷಣ ಬಾಗಿಲು ಹಾಕಿಕೊಳ್ಳಿ, ಅಲ್ಲಿ ಸ್ಯಾಂಡ್‌ಫ್ಲೈ ಅಂತ ಒಂದು ನೊಣ ಇದೆ, ನಮ್ಮ ಮಲೆನಾಡಿನ ಉಂಬಳವೇ ವಾಸಿ.