ಶ್ರೀಶೈಲದ ಕಾಲುದಾರಿಯೂ ಅರವಟ್ಟಿಗೆಯ ಧರ್ಮವೂ

ಶಹಾಪುರ ತಾಲ್ಲೂಕಿನ ಗೋಗಿ ಗ್ರಾಮವು ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಬಯಲುಸೀಮೆಯಲ್ಲಿದೆ. ಚಂದಾ ಹುಸೇನಿಯವರ ದರ್ಗಾದಿಂದಲೂ, 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್ ಶಾಹನೇ ಮೊದಲಾದ ವಿಜಾಪುರದ ಆದಿ ಸುಲ್ತಾನರ ಗೋರಿಗಳಿಂದಲೂ ಈ ಊರು ಇತಿಹಾಸಜ್ಞರಿಗೆ ಪರಿಚಿತವಾಗಿದೆ. ಆದರೆ ಅರಸರ ಇತಿಹಾಸವಲ್ಲದೆ ನಡೆದು ಹೋದವರ ಇತಿಹಾಸವೂ ಒಂದುಂಟು. ಫಕೀರನಿರಲಿ, ಜಂಗಮನಿರಲಿ, ಎತ್ತಿನ ಮೇಲೆ ಹೇರು ಹೊರಿಸಿ ಹೊರಟ ವ್ಯಾಪಾರಿಯಿರಲಿ, ಈ ನೆಲವನ್ನು ಬೇಸಗೆಯಲ್ಲಿ ದಾಟುವವರೆಲ್ಲರಿಗೂ ಇದ್ದ ಕಷ್ಟ ಒಂದೇ. ಉಷ್ಣಮಾನವು 40 ಡಿಗ್ರಿಯನ್ನು ಮೀರುವ ದಿನಗಳಲ್ಲಿ ಮುಂದಿನ ನೀರು ಎಲ್ಲಿ ಎಂಬುದೇ ಆ ಕಷ್ಟ.

ಭಕ್ತಬಂಧುಗಳೇ, ನಮ್ಮ ಶ್ರೀಶೈಲ ಪಾದಯಾತ್ರೆಯು ನಡೆಯುವುದು ಇಂಥ ಕಾಲದಲ್ಲಿಯೇ ಎಂಬುದನ್ನು ತಾವು ಬಲ್ಲಿರಿ. ಯುಗಾದಿಗೆ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರಬೇಕೆಂದು ಉತ್ತರ ಕರ್ನಾಟಕದ ಭಕ್ತರು ಕಂಬಿಯನ್ನು ಹೊತ್ತು ಹೊರಡುತ್ತಾರೆ. ರಾಯಚೂರು ಸೀಮೆಯನ್ನು ಹಾದು, ತುಂಗಭದ್ರೆಯ ಆಚೆ ಕರ್ನೂಲು, ಆತ್ಮಕೂರುಗಳ ಮೇಲೆ ನಡೆದು ನಲ್ಲಮಲದ ಅಡವಿಯನ್ನು ಹೊಗುತ್ತಾರೆ. ಅಲ್ಲಿಂದ ಮುಂದೆ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರ ಎಂಬ ತಾಣಗಳು ಒಂದಾದ ಮೇಲೊಂದು ಬರುತ್ತವೆ. ಈ ಹೆಸರುಗಳನ್ನು ಸ್ವಲ್ಪ ಗಮನಿಸಿರಿ. ತೆಲುಗಿನಲ್ಲಿ ಚೆರುವು ಎಂದರೆ ಕೆರೆ, ಕೊಲನು ಎಂದರೆ ಕೊಳ. ದಾರಿಯು ಎಲ್ಲಿ ಸಮೀಪವೋ ಅಲ್ಲಿ ಹಾಯಲಿಲ್ಲ. ಎಲ್ಲಿ ನೀರಿದೆಯೋ ಅಲ್ಲಿಗೆ ಹೋಯಿತು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮನು ಈ ಬೆಟ್ಟಕ್ಕೆ ಸೋಪಾನಗಳನ್ನು ಕಟ್ಟಿಸಿದನು. ಆದರೆ ಮೆಟ್ಟಿಲಿಗಿಂತ ಮೊದಲು ಯಾತ್ರಿಕನಿಗೆ ಬೇಕಾದುದು ನೀರು.

ಶರಣರ ಚರಿತ್ರೆಯಲ್ಲಿ ಈ ಮಾತಿಗೆ ಮನಮುಟ್ಟುವ ನಿದರ್ಶನವೊಂದಿದೆ. ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ಹೇಳುವ ಕಥೆಯದು. ಹೊಲದಲ್ಲಿದ್ದ ಬಾಲಕ ಸಿದ್ಧರಾಮನ ಬಳಿಗೆ ಜಂಗಮ ರೂಪದ ಮಲ್ಲಯ್ಯನು ಬರುತ್ತಾನೆ. ಎಳೆಯ ತೆನೆಯನ್ನು ಉಂಡು, ಒಡಲು ಉರಿಯುತ್ತಿದೆಯೆಂದು ತಂಪಾದ ಮಜ್ಜಿಗೆಯೂಟವನ್ನು ಬೇಡುತ್ತಾನೆ. ಬಾಲಕನು ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಮಲ್ಲಯ್ಯನು ಅಲ್ಲಿರುವುದಿಲ್ಲ. ಅವನನ್ನು ಅರಸುತ್ತ ಸಿದ್ಧರಾಮನು ಯಾತ್ರಿಕರೊಡನೆ ಶ್ರೀಶೈಲದ ದಾರಿ ಹಿಡಿದನು. ಮುಂದೆ ಸೊನ್ನಲಿಗೆಗೆ, ಎಂದರೆ ಇಂದಿನ ಸೊಲ್ಲಾಪುರಕ್ಕೆ ಮರಳಿ ಕೆರೆಯನ್ನು ಕಟ್ಟಿಸಿದನು. ಒಬ್ಬನ ಉರಿಯನ್ನು ತಣಿಸಲು ಓಡಿದವನು ಕಡೆಗೆ ಊರಿನ ದಾಹವನ್ನೇ ತಣಿಸಿದನು.

ನಾಡಿನ ಉಳಿದ ಜನರೂ ಈ ಕರ್ತವ್ಯವನ್ನು ಮರೆತಿರಲಿಲ್ಲ. ದಾರಿಹೋಕರಿಗೆ ನೀರೆರೆಯುವ ಚಪ್ಪರಕ್ಕೆ ಕನ್ನಡಿಗರು ಅರವಟ್ಟಿಗೆ ಎಂದರು. ಹಳೆಯ ಶಾಸನಗಳಲ್ಲಿ ಅರವಂಟಿಗೆ ಎಂಬ ರೂಪವೂ ಉಂಟು. ಹಳಗನ್ನಡದಲ್ಲಿ 'ಅಱ' ಎಂದರೆ ಧರ್ಮ. ಕೆರೆ, ಬಾವಿ, ಛತ್ರ, ದೇಗುಲಗಳಂತೆ ಅರವಟ್ಟಿಗೆಗೂ ಭೂಮಿಯನ್ನು ಬಿಟ್ಟುಕೊಟ್ಟ ದಾನಿಗಳಿದ್ದರು. ಎಂದರೆ ನೀರು ದಾರಿಹೋಕನೊಬ್ಬನ ಸ್ವಂತ ಚಿಂತೆಯಾಗಿರಲಿಲ್ಲ; ಅದು ದಾರಿಯ ಬದಿಯ ಊರಿನ ಹೊಣೆಯಾಗಿತ್ತು. ಅಲ್ಲಿ ನೀರಿನ ಜೊತೆಗೆ ಬೆಲ್ಲವನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಪಾನಕವನ್ನೋ ಕೊಡುವುದು ವಾಡಿಕೆ.

ಈ ವಾಡಿಕೆಯ ಹಿಂದಿನ ತಿಳಿವನ್ನು ಇಂದಿನ ವಿಜ್ಞಾನವೂ ಸಮರ್ಥಿಸುತ್ತದೆ. ಬಿಸಿಲಿನಲ್ಲಿ ನಡೆಯುವವನ ದೇಹವು ಬೆವರಿನ ಮೂಲಕ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಕಡು ಬಿಸಿಲಿನ ನಡಿಗೆಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುವುದುಂಟು. ಅದರೊಡನೆ ಉಪ್ಪೂ ಹೋಗುತ್ತದೆ. ಅರವತ್ತು ಕಿಲೋ ತೂಕದ ಮನುಷ್ಯನು ಒಂದೂಕಾಲು ಲೀಟರು ನೀರನ್ನು ಕಳೆದುಕೊಂಡರೆ ಸಾಕು, ಬಲ ಕುಗ್ಗಿ ತಲೆ ಭಾರವಾಗುತ್ತದೆ. ಬಾಯಾರುವವರೆಗೆ ಕಾದರೆ ದೇಹವು ಆಗಲೇ ಹಿಂದೆ ಬಿದ್ದಿರುತ್ತದೆ. ಇನ್ನೊಂದು ಕಡೆ, ಉಪ್ಪಿಲ್ಲದ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಉಪ್ಪು ತೆಳುವಾಗಿ ಅಪಾಯವೊದಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವಾಂತಿಭೇದಿಯಿಂದ ಬಳಲಿದವರನ್ನು ವೈದ್ಯ ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆ ಬೆರೆಸಿದ ನೀರಿನಿಂದ ಉಳಿಸಿದರು. ಸಕ್ಕರೆಯು ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಹೀರಿಕೊಳ್ಳುತ್ತದೆ ಎಂಬುದೇ ಅದರ ಮರ್ಮ. ಒಂದು ಲೀಟರು ಶುದ್ಧ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನು ಯಾವ ಮನೆಯಲ್ಲಿಯೂ ಸಿದ್ಧಪಡಿಸಬಹುದು.

ಆದುದರಿಂದ ಪಾದಯಾತ್ರೆಗೆ ಹೊರಡುವವರು ಹಿರಿಯರ ಕ್ರಮವನ್ನು ಬಿಡಬಾರದು. ಬೆಳಗಿನ ಜಾವ ನಡೆದು, ನಡುಹಗಲು ನೆರಳಿನಲ್ಲಿ ತಂಗಿ, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುವುದೇ ಕ್ಷೇಮ. ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಯಬೇಕು. ಮೂತ್ರವು ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಬೇಕು. ಜೊತೆಗಾರನು ತಡವರಿಸಿ ಮಾತನಾಡತೊಡಗಿದರೆ, ಮೈ ಬೆಂಕಿಯಂತೆ ಸುಟ್ಟರೆ, ಅದನ್ನು ಭಕ್ತಿಯ ಪರವಶತೆಯೆಂದು ಬಗೆಯಬೇಡಿರಿ. ಅವನನ್ನು ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಹಾಕಿ, ತಡಮಾಡದೆ ಆಸ್ಪತ್ರೆಗೆ ಸೇರಿಸಿರಿ. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು. ನೀರನ್ನು ತೊರೆದು ನಡೆಯುವುದು ವ್ರತವಲ್ಲ; ಇಷ್ಟಲಿಂಗವನ್ನು ಧರಿಸಿದ ಕಾಯವನ್ನು ಕಾಪಾಡುವುದೂ ಪೂಜೆಯೇ.

ನೀರೆರೆಯುವವರಿಗೂ ಇಂದು ಹೊಸದೊಂದು ಎಚ್ಚರ ಬೇಕಾಗಿದೆ. ನಾರಾಯಣಪುರದ ಬಸವಸಾಗರದ ಕಾಲುವೆಗಳಿಂದ ಶಹಾಪುರ, ಸುರಪುರ ತಾಲ್ಲೂಕುಗಳ ಹೊಲಗಳು ಹಸುರಾದುವು. ಆದರೆ ನೆಲದೊಳಗಿನ ನೀರೆಲ್ಲವೂ ಕುಡಿಯಲು ಯೋಗ್ಯವಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಕಂಡುಬಂದಿತು. ಗೋಗಿಯ ನೆಲದಡಿಯಲ್ಲಿ ಯುರೇನಿಯಂ ನಿಕ್ಷೇಪವಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಇಂಥ ದ್ರವ್ಯಗಳು ಕಣ್ಣಿಗೆ ಕಾಣವು, ನಾಲಗೆಗೆ ತಿಳಿಯವು, ಕುದಿಸಿದರೂ ಹೋಗವು. ಆದುದರಿಂದ ಪರೀಕ್ಷೆಗೆ ಒಳಪಟ್ಟ ನೀರನ್ನೇ ಅರವಟ್ಟಿಗೆಯ ಕೊಡಕ್ಕೆ ತುಂಬಬೇಕು. ಬಾಯಾರಿದವನು ನೀರನ್ನು ಪ್ರಶ್ನಿಸಿ ಕುಡಿಯಲಾರನು. ಆ ಪ್ರಶ್ನೆಯನ್ನು ಕೊಡುವವನೇ ಕೇಳಬೇಕು.

ಇಂದು ಯಾತ್ರಿಕನ ಚೀಲದಲ್ಲಿ ಬಾಟಲಿ ಇದೆ. ಅದು ಇರಲಿ. ಆದರೆ ಬಾಟಲಿಯ ನೀರು ಎರಡು ಹರಿದಾರಿಗೆ ತೀರುತ್ತದೆ. ದಾರಿ ಅಷ್ಟಕ್ಕೆ ತೀರುವುದಿಲ್ಲ. ಮಠದಲ್ಲಿ ಉಂಡು ಓದಿ ಬೆಳೆದ ತಾವೆಲ್ಲರೂ ಬೇಸಗೆಯಲ್ಲಿ ತಮ್ಮ ತಮ್ಮ ಊರಿನ ದಾರಿಯ ಬದಿಗೆ ಒಂದು ಚಪ್ಪರ, ನಾಲ್ಕು ಮಣ್ಣಿನ ಕೊಡ, ಒಂದಿಷ್ಟು ಬೆಲ್ಲ, ಉಪ್ಪು, ಮಜ್ಜಿಗೆಯನ್ನು ಇರಿಸಬಲ್ಲಿರಿ. ಬರುವವನು ಕಂಬಿ ಹೊತ್ತ ಭಕ್ತನೋ, ದರ್ಗಾಕ್ಕೆ ಹೊರಟವನೋ, ಕೂಲಿಗೆ ಹೋಗುವವನೋ ಎಂದು ಕೇಳದೆ ನೀರೆರೆಯುವುದೇ ದಾಸೋಹ.