ಮಹಾಮಾರಿಯ ಕಾಲದಲ್ಲಿ ವಿರಳ ರೋಗಗಳ ಚಿಕಿತ್ಸೆ

ಯುರೋಪಿನಲ್ಲಿ 2,000 ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕಾಣಿಸದ ಕಾಯಿಲೆಯನ್ನು ವಿರಳ ರೋಗವೆಂದು ಪರಿಗಣಿಸಲಾಗುತ್ತದೆ. ಭಾರತವು ಇಂಥ ಸಂಖ್ಯೆಯ ಗಡಿಯನ್ನು ಹಾಕಿಕೊಂಡಿಲ್ಲ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯು ಒಮ್ಮೆಯ ಚಿಕಿತ್ಸೆ ಸಾಕಾಗುವವು, ದೀರ್ಘಕಾಲ ಆದರೆ ಕಡಿಮೆ ವೆಚ್ಚದಲ್ಲಿ ನಿಭಾಯಿಸಬಹುದಾದವು, ಜೀವನಪರ್ಯಂತ ದುಬಾರಿ ಔಷಧ ಬೇಕಾದವು ಎಂದು ರೋಗಗಳನ್ನು ಮೂರು ಗುಂಪು ಮಾಡಿದೆ. ಔಷಧವನ್ನು ಮನೆಯಲ್ಲಿ ಕೊಡಬಹುದೇ, ಆಸ್ಪತ್ರೆಗೇ ಹೋಗಬೇಕೇ ಎಂಬ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟದ್ದು ಕೋವಿಡ್ ಮಹಾಮಾರಿ.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಪ್ರಯಾಣಿಕ ರೈಲುಗಳು ಅದಕ್ಕೂ ಮೊದಲೇ ನಿಂತಿದ್ದವು. ಆಸ್ಪತ್ರೆಗಳು ತೆರೆದಿದ್ದರೂ ಅಲ್ಲಿಗೆ ತಲುಪುವ ದಾರಿ ಮುಚ್ಚಿತ್ತು. ತಜ್ಞರಿರುವ ಆಸ್ಪತ್ರೆಗಳೆಲ್ಲ ಬಹುತೇಕ ಮಹಾನಗರಗಳಲ್ಲಿರುವುದರಿಂದ ದೂರದೂರಿನ ರೋಗಿಗಳಿಗೆ ಇದು ದೊಡ್ಡ ಹೊಡೆತವಾಯಿತು. ಮುಂಬಯಿಯಲ್ಲಿ ದುಡಿಮೆ, ಕರಾವಳಿಯಲ್ಲಿ ಮನೆ ಎಂಬಂತೆ ಬಾಳುವ ಕನ್ನಡಿಗರಿಗೆ ಇದರ ಬಿಸಿ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಮೋಫಿಲಿಯಾ ಅಥವಾ ಕುಸುಮರೋಗವನ್ನೇ ನೋಡೋಣ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಥವಾ ಒಂಬತ್ತನೆಯ ಅಂಶದ (ಫ್ಯಾಕ್ಟರ್) ಕೊರತೆಯೇ ಈ ರೋಗ. ಕೀಲಿನೊಳಗೆ ರಕ್ತಸ್ರಾವ ಆರಂಭವಾದರೆ ಸಾಧ್ಯವಾದಷ್ಟೂ ಎರಡು ಗಂಟೆಯೊಳಗೆ ಫ್ಯಾಕ್ಟರ್ ನೀಡಬೇಕು. ಮತ್ತೆ ಮತ್ತೆ ತಡವಾದರೆ ಕೀಲು ಶಾಶ್ವತವಾಗಿ ಕೆಡುತ್ತದೆ. ಈ ಔಷಧವನ್ನು ಮನೆಯ ಫ್ರಿಜ್‌ನಲ್ಲಿಟ್ಟು, ತರಬೇತಿ ಪಡೆದ ರೋಗಿ ತಾನೇ ಚುಚ್ಚಿಕೊಳ್ಳಬಹುದು. ಆದರೆ ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳು ಇದನ್ನು ಉಚಿತವಾಗಿ ನೀಡುತ್ತಿದ್ದರೂ, ರಕ್ತಸ್ರಾವವಾದ ಮೇಲೆ ರೋಗಿಯೇ ಅಲ್ಲಿಗೆ ಬಂದು ಪಡೆಯಬೇಕೆಂಬ ಪದ್ಧತಿ ಬಹಳೆಡೆ ಬೇರೂರಿತ್ತು. ನಾಲ್ಕಾರು ಸೀಸೆಗಳನ್ನು ಮೊದಲೇ ಮನೆಗೆ ಕೊಟ್ಟಿದ್ದರೆ ಎಷ್ಟೋ ಕೀಲುಗಳು ಉಳಿಯುತ್ತಿದ್ದವು.

ಗೋಶೆ, ಪಾಂಪೆ ಮುಂತಾದ ಲೈಸೋಸೋಮ್ ಸಂಬಂಧಿ ಕಾಯಿಲೆಗಳ ಸ್ಥಿತಿ ಇನ್ನೂ ಕಠಿಣ. ದೇಹದಲ್ಲಿ ಇಲ್ಲದ ಕಿಣ್ವವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ, ಹಲವು ಗಂಟೆಗಳ ಕಾಲ ರಕ್ತನಾಳದ ಮೂಲಕ ಹನಿಹನಿಯಾಗಿ ನೀಡಬೇಕು. ನಿಲ್ಲಿಸಿದರೆ ಗೋಶೆ ರೋಗಿಯ ಗುಲ್ಮ ಮತ್ತೆ ಊದಿಕೊಳ್ಳಬಹುದು, ರಕ್ತಕಣಗಳು ಇಳಿಯಬಹುದು. ಪಾಂಪೆಯಲ್ಲಿ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಬ್ರಿಟನ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ದಾದಿಯರ ನೆರವಿನಿಂದ ಮನೆಯಲ್ಲೇ ಕಿಣ್ವ ನೀಡುವ ಕ್ರಮ ಮಹಾಮಾರಿಗೆ ಮೊದಲೇ ಇತ್ತು. ಇಲ್ಲಿ ಅದು ಬಹುಮಟ್ಟಿಗೆ ಆಸ್ಪತ್ರೆಯ ಕೆಲಸ. ಕೋವಿಡ್ ವಾರ್ಡುಗಳಿರುವ ಕಟ್ಟಡಕ್ಕೇ ದುರ್ಬಲ ಮಗುವನ್ನು ಒಯ್ಯಬೇಕೆ, ಒಂದೆರಡು ಸರದಿ ತಪ್ಪಿಸಬೇಕೆ ಎಂಬ ಲೆಕ್ಕ ತಂದೆತಾಯಂದಿರ ಪಾಲಿಗೆ ಬಂದದ್ದು ಅನ್ಯಾಯವೇ ಸರಿ.

ಬೆನ್ನುಹುರಿಯ ನರಗಳಿಗೆ ಸಂಬಂಧಿಸಿದ ಎಸ್‌ಎಂಎ ರೋಗಕ್ಕೆ ಮನೆಯಲ್ಲೇ ದಿನವೂ ಕುಡಿಸಬಹುದಾದ ರಿಸ್ಡಿಪ್ಲಾಮ್ 2021ರಲ್ಲಿ ಭಾರತಕ್ಕೆ ಬಂದಿತು. ಆಗ ಅದರ ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ.

ಈ ನಡುವೆ ಒಂದು ಒಳಿತೂ ಆಯಿತು. ಲಾಕ್‌ಡೌನ್ ಆರಂಭವಾದ ದಿನವೇ ಕೇಂದ್ರ ಆರೋಗ್ಯ ಸಚಿವಾಲಯ ದೂರವೈದ್ಯಕೀಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಫೋನು, ವೀಡಿಯೋ ಮೂಲಕ ಸಲಹೆ ನೀಡುವುದಕ್ಕೆ ಸ್ಪಷ್ಟ ಆಧಾರ ದೊರೆಯಿತು. ಲಸಿಕೆ ಬಂದಾಗ ಹಿಮೋಫಿಲಿಯಾ ಇರುವವರಿಗೂ ಅದು ಸಲ್ಲುತ್ತದೆ, ತೆಳುವಾದ ಸೂಜಿ ಬಳಸಿ ಚುಚ್ಚಿದ ಜಾಗವನ್ನು ಕನಿಷ್ಠ 10 ನಿಮಿಷ ಒತ್ತಿಹಿಡಿಯಬೇಕು, ರೋಗ ತೀವ್ರವಾಗಿದ್ದರೆ ಮೊದಲು ಫ್ಯಾಕ್ಟರ್ ಪಡೆಯಬೇಕು ಎಂದು ತಜ್ಞರು ತಿಳಿಸಿದರು.

2021ರ ನೀತಿಯು ಮೊದಲಿಗೆ ಎಂಟು ಉತ್ಕೃಷ್ಟತಾ ಕೇಂದ್ರಗಳನ್ನು ಗುರುತಿಸಿತು. ಮುಂಬಯಿಯ ಕೆಇಎಂ ಆಸ್ಪತ್ರೆ, ದೆಹಲಿಯ ಏಮ್ಸ್, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಹಾಗೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳು ಅವುಗಳಲ್ಲಿ ಸೇರಿವೆ. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿ ಮೂರೂ ಗುಂಪುಗಳಿಗೆ ಅನ್ವಯಿಸಲಾಯಿತು. ಜೀವನಪರ್ಯಂತದ ಕಿಣ್ವ ಚಿಕಿತ್ಸೆಗೆ ಈ ಮೊತ್ತ ಬಹುಕಾಲ ಬಾಳದು. ಅದನ್ನು ಪಡೆಯಲೂ ಇಂಥ ಕೇಂದ್ರಕ್ಕೇ ಬರಬೇಕು.